ಕ್ಯಾಲ್ಗರಿಯ ಚಳಿಗಾಲಕ್ಕೆ ಯಾವ ಕಾರು?

ತಮ್ಮಾ,

ಅಕ್ಕಾ ಎಂದು ಕರೆದು ಕೇಳಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ನಿನ್ನ ಮನೆ ಸ್ಯಾಡಲ್ ರಿಡ್ಜ್ ಬಡಾವಣೆಯಲ್ಲಿ, ಕಚೇರಿ ಡೌನ್‌ಟೌನಿನಲ್ಲಿ. ಹಳೆಯ ಟೊಯೊಟಾ ಕೊರೊಲ್ಲಾ ಒಂದನ್ನು ನೋಡಿಟ್ಟಿದ್ದೀಯ. ಅದರ ಎಂಜಿನ್ ಎಳೆಯುವುದು ಮುಂದಿನ ಎರಡು ಚಕ್ರಗಳನ್ನು ಮಾತ್ರ. ‘ಇಲ್ಲಿಯ ಹಿಮಕ್ಕೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಆಲ್ ವೀಲ್ ಡ್ರೈವ್ ಇಲ್ಲದಿದ್ದರೆ ಆಗುವುದಿಲ್ಲ’ ಎಂದು ಕಚೇರಿಯವರೆಲ್ಲ ಹೆದರಿಸಿದ್ದಾರೆ. ಅಂಥ ಎಸ್‌ಯುವಿಗೆ ಆರು ಸಾವಿರ ಡಾಲರ್ ಹೆಚ್ಚು. ಸಾಲ ಮಾಡಿಯಾದರೂ ಅದನ್ನೇ ಕೊಳ್ಳಬೇಕೇ ಎಂಬುದು ನಿನ್ನ ಪ್ರಶ್ನೆ.

ಬೇಡ. ಕೊರೊಲ್ಲಾ ತೆಗೆದುಕೋ, ಅದಕ್ಕೆ ನಾಲ್ಕು ಒಳ್ಳೆಯ ವಿಂಟರ್ ಟೈರ್ ಹಾಕಿಸು. ರಿಮ್ ಸಮೇತ ಸಾವಿರದಿಂದ ಒಂದೂವರೆ ಸಾವಿರ ಡಾಲರಿನಲ್ಲಿ ಮುಗಿಯುತ್ತದೆ.

ನಿನ್ನ ಸಹೋದ್ಯೋಗಿಗಳು ಸುಳ್ಳು ಹೇಳುತ್ತಿಲ್ಲ. ಸಿಗ್ನಲ್ ಹಸಿರಾದಾಗ ಎಸ್‌ಯುವಿ ಹಿಮದ ಮೇಲೆ ಸಲೀಸಾಗಿ ಹೊರಟುಬಿಡುತ್ತದೆ; ಕೊರೊಲ್ಲಾದ ಮುಂಚಕ್ರಗಳು ಒಂದು ಕ್ಷಣ ಇದ್ದಲ್ಲೇ ಗಿರ್ರನೆ ತಿರುಗುತ್ತವೆ. ಆದರೆ ಎಂಜಿನ್ನಿನ ಶಕ್ತಿ ಎಷ್ಟು ಚಕ್ರಗಳಿಗೆ ಹೋಗುತ್ತದೆ ಎಂಬುದು ಹೊರಡುವಾಗಿನ, ಏರು ಹತ್ತುವಾಗಿನ ಮಾತು. ಬ್ರೇಕ್ ಮಾತ್ರ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗೂ ಇರುತ್ತದೆ. ಸ್ಟಾಪ್ ಫಲಕದ ಮುಂದೆ ಬಂದುಹೋಗುವ ಗಾಡಿಗಳೆಲ್ಲ ನಿಂತು ಹೊರಟು ರಸ್ತೆಯನ್ನು ಗಾಜಿನಂತೆ ಉಜ್ಜಿಟ್ಟಿರುತ್ತವೆ. ಅಲ್ಲಿ ನಿನ್ನನ್ನು ನಿಲ್ಲಿಸುವುದು ನಾಲ್ಕು ಅಂಗೈಯಗಲದ ರಬ್ಬರು. ಅದು ಗಟ್ಟಿಯಾಗಿ ಹೋಗಿದ್ದರೆ ಎಷ್ಟು ದುಡ್ಡು ಕೊಟ್ಟ ಗಾಡಿಯಾದರೂ ಜಾರಿಕೊಂಡೇ ಹೋಗುತ್ತದೆ. ಇನ್ನೊಂದು ತೊಂದರೆ ಏನೆಂದರೆ, ಆಲ್ ವೀಲ್ ಡ್ರೈವ್ ಅಷ್ಟು ಸುಲಭವಾಗಿ ಹೊರಡುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಎಂಬುದು ಓಡಿಸುವವನ ಗಮನಕ್ಕೇ ಬರುವುದಿಲ್ಲ. ಜೋರಾಗಿ ಹಿಮ ಬಿದ್ದ ಬೆಳಿಗ್ಗೆ ರೆಡ್ ಡಿಯರ್ ಕಡೆಗೆ ಹೋಗುವ 2ನೇ ನಂಬರಿನ ಹೆದ್ದಾರಿಯಲ್ಲಿ ನೋಡು, ಪಕ್ಕದ ಹಳ್ಳಕ್ಕೆ ಇಳಿದು ನಿಂತವುಗಳಲ್ಲಿ ದೊಡ್ಡ ದೊಡ್ಡ ಪಿಕಪ್‌ಗಳೂ ಇರುತ್ತವೆ.

ಸಕಲೇಶಪುರದ ತೋಟದಲ್ಲಿ ನಿನ್ನ ಮಾವನ ಜೀಪು ಫೋರ್ ವೀಲ್ ಹಾಕಿದರೆ ಎಂಥ ಕೆಸರನ್ನೂ ದಾಟುತ್ತಿತ್ತು ಎಂದು ಬರೆದಿದ್ದೀಯ. ನಿಜವೇ. ಆದರೆ ಆಷಾಢದ ಕೆಸರಿನಲ್ಲಿ ಗಾಡಿ ಮುಂದೆ ಹೋಗುವುದೇ ಕಷ್ಟ. ಕಾಲು ತೆಗೆದರೆ ತಾನಾಗಿ ನಿಲ್ಲುತ್ತದೆ. ಮಂಜುಗಡ್ಡೆಯ ಮೇಲೆ ಸಂಗತಿ ತಲೆಕೆಳಗು. ಅಲ್ಲದೆ ಆ ಜೀಪಿನ ಲಿವರ್ ಎಳೆದರೆ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಒಣ ಡಾಂಬರಿನ ಮೇಲೆ ಹಾಗೆಯೇ ಓಡಿಸಿದರೆ ಗೇರುಗಳಿಗೆ ಪೆಟ್ಟು. ಇಲ್ಲಿಯ ಹಲವು ಪಿಕಪ್‌ಗಳಲ್ಲಿರುವುದೂ ಅದೇ ಬಗೆ. ಎಸ್‌ಯುವಿಗಳಲ್ಲಿ ಸಾಮಾನ್ಯವಾಗಿ ಇರುವುದು ಬೇರೆ: ಚಕ್ರ ಜಾರಿದಾಗ ಶಕ್ತಿಯನ್ನು ಗಾಡಿಯೇ ಹಂಚಿಕೊಳ್ಳುತ್ತದೆ, ನೀನು ಏನೂ ಎಳೆಯಬೇಕಿಲ್ಲ. ಅನುಕೂಲವೇ, ಆದರೆ ಪೆಟ್ರೋಲು ಸ್ವಲ್ಪ ಹೆಚ್ಚು ಕುಡಿಯುತ್ತದೆ. ನಾಲ್ಕೂ ಟೈರುಗಳ ಸವೆತ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಹರಿದರೆ ಎಷ್ಟೋ ಸಲ ನಾಲ್ಕನ್ನೂ ಬದಲಾಯಿಸಬೇಕಾಗುತ್ತದೆ.

ಈಗ ಟೈರಿನ ವಿಷಯ. ಕಾರಿನ ಜೊತೆ ಬರುವ ಆಲ್ ಸೀಸನ್ ಟೈರುಗಳ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗುತ್ತಾ ಹೋಗುತ್ತದೆ. ವಿಂಟರ್ ಟೈರಿನ ರಬ್ಬರು ಮೈನಸ್ 30ರಲ್ಲೂ ಮೆತ್ತಗಿರುವಂತೆ ಮಾಡಿದ್ದು. ಅದರ ಮೈಮೇಲೆ ಸಣ್ಣ ಸಣ್ಣ ಸೀಳುಗಳಿರುತ್ತವೆ, ಅವು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಅಂಗಡಿಯಲ್ಲಿ ಟೈರಿನ ಪಕ್ಕದ ಗೋಡೆಯನ್ನು ಬಗ್ಗಿ ನೋಡು: ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ ಇರಬೇಕು. ‘ಎಂ ಪ್ಲಸ್ ಎಸ್’ ಎಂಬ ಅಕ್ಷರಗಳಷ್ಟೇ ಇದ್ದರೆ ಸಾಲದು, ಅವು ಮಾಮೂಲಿ ಆಲ್ ಸೀಸನ್ ಟೈರಿನ ಮೇಲೂ ಇರುತ್ತವೆ. ಹಣ ಉಳಿಸಲು ಮುಂದಿನ ಎರಡಕ್ಕೆ ಮಾತ್ರ ಹಾಕಿಸುತ್ತೇನೆ ಎನ್ನಬೇಡ. ಮುಂಭಾಗ ನೆಲ ಹಿಡಿದು ಹಿಂಭಾಗ ಜಾರಿದರೆ ಗಾಡಿ ತಿರುವಿನಲ್ಲಿ ಬುಗುರಿಯಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇನ್ನೊಂದು ಸೆಟ್ ಟೈರ್ ಇಡಲು ಜಾಗವೇ ಇಲ್ಲದಿದ್ದರೆ, ಆ ಬೆಟ್ಟದ ಗುರುತಿರುವ ‘ಆಲ್ ವೆದರ್’ ಟೈರುಗಳು ಸಿಗುತ್ತವೆ, ವರ್ಷವಿಡೀ ಬಿಡಬಹುದು.

ನಮ್ಮ ಆಲ್ಬರ್ಟಾ ಪ್ರಾಂತ್ಯದಲ್ಲಿ ಇದಕ್ಕೆಲ್ಲ ಕಾನೂನಿನ ಒತ್ತಾಯವಿಲ್ಲ. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ. ಬ್ಯಾನ್ಫ್ ದಾಟಿ ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ಹೆದ್ದಾರಿಗಳಿಗೆ ಹೋದರೆ ಅಕ್ಟೋಬರ್ 1ರಿಂದಲೇ ಅಲ್ಲಿಯ ನಿಯಮ ಶುರುವಾಗುತ್ತದೆ. ಗಮನಿಸು, ಅಲ್ಲಿ ಹೆದ್ದಾರಿ ಬದಿಯ ಫಲಕ ಕೇಳುವುದು ಟೈರನ್ನು. ಆಲ್ ವೀಲ್ ಡ್ರೈವ್ ಇದೆ ಎಂದು ವಿನಾಯಿತಿ ಇಲ್ಲ.

ಹೊಸಬರು ಮೈನಸ್ 30ಕ್ಕೆ ಹೆದರುತ್ತಾರೆ. ನನಗೆ ಭಯ ಮೈನಸ್ 2ರ ದಿನ. ರಾಕಿ ಪರ್ವತಗಳನ್ನು ಇಳಿದು ಬರುವ ಶಿನೂಕ್ ಎಂಬ ಬಿಸಿಗಾಳಿ ಕೆಲವೇ ತಾಸುಗಳಲ್ಲಿ ಉಷ್ಣಾಂಶವನ್ನು 15–20 ಡಿಗ್ರಿ ಏರಿಸಿಬಿಡುತ್ತದೆ. ಜನವರಿಯಲ್ಲಿ ಚರಂಡಿಗಳೆಲ್ಲ ಹರಿಯತೊಡಗುತ್ತವೆ, ಜನ ಜಾಕೆಟ್ ಬಿಚ್ಚಿ ಓಡಾಡುತ್ತಾರೆ. ರಾತ್ರಿ ಆ ನೀರೆಲ್ಲ ಮತ್ತೆ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ರಸ್ತೆ ಸುಮ್ಮನೆ ಒದ್ದೆಯಾದಂತೆ ಕಾಣುತ್ತದೆ; ಅದೇ ಬ್ಲ್ಯಾಕ್ ಐಸ್. ಸೊನ್ನೆಯ ಆಸುಪಾಸಿನ ಮಂಜುಗಡ್ಡೆಯ ಮೇಲೆ ನೀರಿನ ಪಸೆ ಇರುವುದರಿಂದ ಕೊರೆವ ಚಳಿಯ ಮಂಜುಗಡ್ಡೆಗಿಂತ ಅದು ಹೆಚ್ಚು ಜಾರುತ್ತದೆ. ಸೇತುವೆಗಳ ಮೇಲೆ ಇನ್ನೂ ಬೇಗ ಕಟ್ಟುತ್ತದೆ, ಕೆಳಗೂ ಗಾಳಿಯಲ್ಲವೇ. ಅಂಥ ದಿನ ಡಿಯರ್‌ಫುಟ್ ಟ್ರೇಲ್ ಹೆದ್ದಾರಿಗೆ ಇಳಿಯುವುದಕ್ಕಿಂತ ಸ್ಯಾಡಲ್‌ಟೌನ್ ನಿಲ್ದಾಣದಲ್ಲಿ ಊರಿನ ರೈಲು ಸಿ-ಟ್ರೇನ್ ಹತ್ತು, ನೇರ ಡೌನ್‌ಟೌನಿಗೆ ಇಳಿಸುತ್ತದೆ.

ಮೊದಲ ಹಿಮ ಬಿದ್ದ ಸಂಜೆ ಒಂದು ಕೆಲಸ ಮಾಡು. ಯಾವುದಾದರೂ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ, ದೀಪದ ಕಂಬಗಳಿಂದ ದೂರ, ಗಂಟೆಗೆ 30 ಕಿಲೋಮೀಟರಿನಲ್ಲಿ ಹೋಗುತ್ತಾ ಬ್ರೇಕನ್ನು ಪೂರ್ತಿ ಒತ್ತಿಬಿಡು. ಪಾದದ ಕೆಳಗೆ ಪೆಡಲ್ ಗಡಗಡ ನಡುಗುತ್ತದೆ, ಏನೋ ಮುರಿಯಿತೇನೋ ಎಂಬಂಥ ಸದ್ದು ಬರುತ್ತದೆ. ಅದು ಚಕ್ರಗಳು ಬಿಗಿದುಕೊಂಡು ಜಾರದಂತೆ ತಡೆಯುವ ಎಬಿಎಸ್, ಮುರಿದದ್ದೇನೂ ಇಲ್ಲ, ಕಾಲು ತೆಗೆಯಬೇಡ, ಸ್ಟೀರಿಂಗ್ ತಿರುಗಿಸಿ ನೋಡು. ಎಷ್ಟು ದೂರ ಹೋಗಿ ನಿಂತಿತು ಎಂದು ಇಳಿದು ಅಳೆ. ನಿನ್ನ ಹೆಂಡತಿಯೂ ಓಡಿಸುವುದಾದರೆ ಅವಳಿಗೂ ಮಾಡಿಸು. ಗಂಡ ಪಕ್ಕದಲ್ಲಿ ಕೂತು ಉಪದೇಶ ಮಾಡದಿದ್ದರೆ ಇನ್ನೂ ಬೇಗ ಕಲಿಯುತ್ತಾಳೆ.

ಎಸ್‌ಯುವಿಯ ಪರವಾಗಿ ಒಂದು ಮಾತು ಒಪ್ಪಬೇಕು. ನಗರಪಾಲಿಕೆ ಮುಖ್ಯರಸ್ತೆಗಳ ಹಿಮವನ್ನು ಮೊದಲು ತೆಗೆಯುತ್ತದೆ, ನಮ್ಮ ಬಡಾವಣೆಯ ಒಳರಸ್ತೆಗಳ ಸರದಿ ಕೊನೆಗೆ. ಅಲ್ಲಿ ಗಾಲಿಗಳ ಹಾದಿ ಆಳವಾಗಿ, ನಡುವೆ ಹಿಮದ ದಿಬ್ಬ ಎದ್ದು, ಸಣ್ಣ ಕಾರಿನ ಹೊಟ್ಟೆ ಅದಕ್ಕೆ ತಗಲುತ್ತದೆ. ಆಗ ನೆರವಾಗುವುದು ಎತ್ತರ. ಡಿಕ್ಕಿಯಲ್ಲಿ ಒಂದು ಸಲಿಕೆ ಇದ್ದರೆ ವರ್ಷದಲ್ಲಿ ಬರುವ ಆ ಕೆಲವು ದಿನಗಳು ಕಳೆಯುತ್ತವೆ. ನೀನು ಪಶ್ಚಿಮದ ಗುಡ್ಡದ ಬಡಾವಣೆಯಲ್ಲಿ ಮನೆ ಮಾಡಿದ್ದರೆ, ಊರ ಹೊರಗಿನ ಮಣ್ಣುರಸ್ತೆಯಲ್ಲಿ ಇದ್ದಿದ್ದರೆ, ಅಥವಾ ವಾರವಾರ ಸ್ಕೀ ಮಾಡಲು ಲೇಕ್ ಲೂಯಿಸ್‌ಗೆ ಹೋಗುವವನಾಗಿದ್ದರೆ ಎಸ್‌ಯುವಿಯನ್ನೇ ಕೊಳ್ಳು ಎನ್ನುತ್ತಿದ್ದೆ, ಆಗಲೂ ವಿಂಟರ್ ಟೈರ್ ಸಮೇತ. ಆದರೆ ಅಗ್ಗಕ್ಕೆ ಸಿಗುತ್ತದೆಂದು ಹಿಂಚಕ್ರ ಎಳೆಯುವ ಹಳೆಯ ಐಷಾರಾಮಿ ಕಾರಿಗೆ ಕೈಹಾಕಬೇಡ. ಕೊರೊಲ್ಲಾದಲ್ಲಿ ಎಂಜಿನ್ನಿನ ಭಾರ ಎಳೆಯುವ ಚಕ್ರಗಳ ಮೇಲೆಯೇ ಕೂತಿರುತ್ತದೆ, ಅದರಲ್ಲಿ ಆ ಭಾಗ್ಯವಿಲ್ಲ.

ಕಾರು ನೋಡಲು ಹೋದಾಗ ಮುಂದಿನ ಗ್ರಿಲ್‌ನಿಂದ ಮೂರು ಪಿನ್ನಿನ ಪ್ಲಗ್ ಒಂದು ಇಣುಕುತ್ತಿದೆಯೇ ನೋಡು. ಅದು ಬ್ಲಾಕ್ ಹೀಟರ್; ತೀರಾ ಚಳಿಯ ರಾತ್ರಿ ಅದನ್ನು ಕರೆಂಟಿಗೆ ಸಿಕ್ಕಿಸಿದರೆ ಬೆಳಿಗ್ಗೆ ಎಂಜಿನ್ ತಕರಾರಿಲ್ಲದೆ ಎದ್ದೇಳುತ್ತದೆ. ಉಷ್ಣಾಂಶ ಐದಾರು ಡಿಗ್ರಿ ಇಳಿದಾಗಲೆಲ್ಲ ಟೈರಿನ ಗಾಳಿ ಸುಮಾರು 1 ಪಿಎಸ್‌ಐ ಇಳಿಯುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಅದರ ಹಳದಿ ದೀಪ ಹತ್ತಿದರೆ ಗಾಬರಿಯಾಗದೆ ಗಾಳಿ ತುಂಬಿಸು. ಗಾಜು ತೊಳೆಯುವ ದ್ರವ ಮೈನಸ್ 40ರದ್ದೇ ಇರಲಿ. ಮತ್ತು ಟೈರ್ ಅಂಗಡಿಗೆ ಈ ವಾರವೇ ಫೋನ್ ಮಾಡಿ ದಿನ ಗೊತ್ತುಮಾಡಿಕೋ. ಮೊದಲ ಹಿಮ ಬಿದ್ದ ಮರುದಿನ ಊರಿಗೆ ಊರೇ ಅಲ್ಲಿ ಸಾಲು ನಿಂತಿರುತ್ತದೆ.