ಬಲೆ ಇದ್ದರೂ ನೊರಜು ಕಚ್ಚುವುದೇಕೆ?

ಪ್ರಶ್ನೆ: ಹೊಳೆದಂಡೆಯಲ್ಲಿ ಟೆಂಟ್ ಹಾಕಿದ್ದೆವು. ಬಾಗಿಲಿನ ಬಲೆಯಿಂದ ಸೊಳ್ಳೆ ಬರಲಿಲ್ಲ, ಆದರೆ ಸಣ್ಣ ನೊರಜುಗಳು ರಾತ್ರಿಯಿಡೀ ಕಚ್ಚಿದವು. ಒಳಗೆ ಸೊಳ್ಳೆಬತ್ತಿ ಹಚ್ಚಬಹುದೇ?

ಉತ್ತರ: ಟೆಂಟಿನೊಳಗೆ ಬತ್ತಿ ಖಂಡಿತ ಬೇಡ. ಕಿಡಿ ತಗುಲಿದರೆ ಬಟ್ಟೆ ಹೊತ್ತಿಕೊಳ್ಳಬಹುದು, ಮುಚ್ಚಿದ ಜಾಗದ ಹೊಗೆ ಉಸಿರಿಗೂ ಕೆಟ್ಟದ್ದು.

ತೊಂದರೆ ಇರುವುದು ಬಲೆಯ ಕಣ್ಣಿನಲ್ಲಿ. ಸಾಮಾನ್ಯ ಸೊಳ್ಳೆಬಲೆಯ ಕಣ್ಣು ಸುಮಾರು 1.2 ಮಿ.ಮೀ. ಇರುತ್ತದೆ. ಕಚ್ಚುವ ನೊರಜಿನ ಉದ್ದವೇ 1ರಿಂದ 3 ಮಿ.ಮೀ., ಮೈ ಇನ್ನೂ ತೆಳು. ಆರಾಮಾಗಿ ನುಸುಳುತ್ತದೆ. 0.6 ಮಿ.ಮೀ. ಅಥವಾ ಅದಕ್ಕೂ ಸಣ್ಣ ಕಣ್ಣಿನ ಬಲೆ ಹಾಕಿಸಿ. ಗಾಳಿಯಾಟ ಕಡಿಮೆಯಾಗಿ ಸೆಖೆ ಹೆಚ್ಚುತ್ತದೆ, ನಿಜ. ಒಂದು ಚಿಕ್ಕ ಬ್ಯಾಟರಿ ಫ್ಯಾನ್ ಇಟ್ಟರೆ ಎರಡಕ್ಕೂ ಪರಿಹಾರ. ನೊರಜು ದುರ್ಬಲ ಹಾರಾಟಗಾರ, ಗಂಟೆಗೆ 10–12 ಕಿ.ಮೀ. ಗಾಳಿ ಬೀಸಿದರೂ ಹಾರಲು ಪರದಾಡುತ್ತದೆ. ಆದ್ದರಿಂದಲೇ ನೀರಂಚು, ಜೌಗು, ಪೊದೆ ಬಿಟ್ಟು ಗಾಳಿಯಾಡುವ ದಿಬ್ಬದ ಮೇಲೆ ಟೆಂಟ್ ಹೂಡುವುದು ಯಾವ ಔಷಧಕ್ಕಿಂತಲೂ ಮೇಲು.

ಸಂಜೆ ಜಿಪ್ ತೆರೆಯುವ ಮೊದಲು ಒಳಗಿನ ದೀಪ ಆರಿಸಿ. ಮಲಗುವಾಗ ಕೈಕಾಲು ಬಲೆಗೆ ತಾಗದಿರಲಿ, ಸೊಳ್ಳೆ ಹೊರಗಿಂದಲೇ ಚುಚ್ಚುತ್ತದೆ.

ದೊಡ್ಡವರು ಮೈಗೆ 20–30% ಡೀಟ್ ಅಥವಾ 20% ಪಿಕಾರಿಡಿನ್ (ಎರಡೂ ಕೀಟ ಓಡಿಸುವ ರಾಸಾಯನಿಕಗಳು) ಇರುವ ಲೇಪ ಹಚ್ಚಬಹುದು. ಸನ್‌ಸ್ಕ್ರೀನ್ ಇದ್ದರೆ ಅದು ಮೊದಲು, ಒಣಗಿದ ಮೇಲೆ ಇದು. ಡೀಟ್ ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ. ಕನ್ನಡಕ, ವಾಚು ಮುಟ್ಟುವ ಮುನ್ನ ಅಂಗೈ ತೊಳೆಯಿರಿ.

ಕ್ಯಾರವಾನ್ (ಒಳಗೇ ವಾಸಿಸಬಹುದಾದ ಗಾಡಿ) ಇರುವವರಿಗೊಂದು ಮಾತು: ನೊರಜಿನ ಕಾಟಕ್ಕೆ ಬೇಸತ್ತು ನೆಲದ, ಚಾವಣಿಯ ಗಾಳಿಕಿಂಡಿಗಳನ್ನು ಟೇಪ್ ಹಾಕಿ ಮುಚ್ಚಬೇಡಿ. ಗ್ಯಾಸ್ ಒಲೆ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಒಳಗೇ ತುಂಬಿ ಜೀವಕ್ಕೇ ಕುತ್ತು ತರುತ್ತದೆ.