ಓದುಗರ ಪ್ರಶ್ನೆ: ವಿಷದ ಕಾನೂನಿಗಾಗಿ ಪಕ್ಷಗಳು ಒಂದಾಗಲಾರವೇ?

ಪ್ರಶ್ನೆ: ಅಮೆರಿಕದಲ್ಲಿ ಸದಾ ಕಚ್ಚಾಡುವ ಎರಡು ಪಕ್ಷಗಳು ಕೂಡಿ ರಾಸಾಯನಿಕ ಸುರಕ್ಷತೆಯ ಕಾಯ್ದೆಯನ್ನು ತಿದ್ದಿದವೆಂದು ಓದಿದೆ. ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಇಷ್ಟು ನೊಂದ ನಮ್ಮ ಕಾಸರಗೋಡಿಗಾಗಿ ಇಲ್ಲಿಯ ಪಕ್ಷಗಳು ಹಾಗೆ ಮಾಡಲಾರವೇ?
– ಓರ್ವ ಓದುಗರು, ಪೆರ್ಲ

ಉತ್ತರ: ಖಂಡಿತ ಮಾಡಬಲ್ಲವು. ಆದರೆ ಅವು ಯಾವ ಷರತ್ತಿನ ಮೇಲೆ ಒಂದಾಗುತ್ತವೆ ಎಂಬುದರ ಮೇಲೆ ನಮ್ಮ ಕಣ್ಣಿರಬೇಕು.

ಅಮೆರಿಕದ 1976ರ ಕಾಯ್ದೆಯು ಆಗಲೇ ಬಳಕೆಯಲ್ಲಿದ್ದ ಸುಮಾರು 62,000 ರಾಸಾಯನಿಕಗಳನ್ನು ಪರೀಕ್ಷೆಯಿಲ್ಲದೆ ಮುಂದುವರಿಯಲು ಬಿಟ್ಟಿತ್ತು. ಕಲ್ನಾರನ್ನು ನಿಷೇಧಿಸಿ 1989ರಲ್ಲಿ ಹೊರಡಿಸಿದ ಆದೇಶದ ಬಹುಭಾಗವನ್ನು 1991ರಲ್ಲಿ ನ್ಯಾಯಾಲಯವೇ ತಳ್ಳಿಹಾಕಿತು. 2013ರ ಮೇ ತಿಂಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಫ್ರಾಂಕ್ ಲಾಟನ್‌ಬರ್ಗ್ ಮತ್ತು ರಿಪಬ್ಲಿಕನ್ ಪಕ್ಷದ ಡೇವಿಡ್ ವಿಟ್ಟರ್ ಜೊತೆಯಾಗಿ ತಿದ್ದುಪಡಿ ಮಸೂದೆಯನ್ನು ಮಂಡಿಸಿದರು. ಎರಡು ವಾರ ತುಂಬುವ ಮೊದಲೇ ಲಾಟನ್‌ಬರ್ಗ್ ತೀರಿಕೊಂಡರೂ ಅವರದೇ ಪಕ್ಷದ ಟಾಮ್ ಯೂಡಾಲ್ ಆ ಕೆಲಸವನ್ನು ಮುಂದುವರಿಸಿದರು. 2016ರಲ್ಲಿ ಕೆಳಮನೆ ಅದನ್ನು 403–12 ಮತಗಳಿಂದ ಒಪ್ಪಿತು. ಇದು ಕೈಗಾರಿಕಾ ರಾಸಾಯನಿಕಗಳ ಕಾಯ್ದೆ. ಕೀಟನಾಶಕಗಳಿಗೆ ಅಲ್ಲಿ ಬೇರೆಯೇ ಕಾಯ್ದೆಯಿದೆ. ಈ ಒಮ್ಮತಕ್ಕೆ ತೆತ್ತ ಬೆಲೆಯೂ ಇದೆ: ಕೇಂದ್ರ ಪರಿಶೀಲಿಸುತ್ತಿರುವ ರಾಸಾಯನಿಕಗಳ ಮೇಲೆ ರಾಜ್ಯಗಳು ತಾವಾಗಿ ಹೊಸ ನಿರ್ಬಂಧ ಹೇರುವುದಕ್ಕೆ ಅನೇಕ ಸಂದರ್ಭಗಳಲ್ಲಿ ತಡೆ ಬಿತ್ತು.

ನಮಗೆ ನೋಯುವುದೂ ಅಲ್ಲಿಯೇ. 1958ರಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಹಿಟ್ಟನ್ನು ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತ ದುರಂತದ ಹಿನ್ನೆಲೆಯಲ್ಲಿ ಬಂದ 1968ರ ಕೀಟನಾಶಕ ಕಾಯ್ದೆಯು, ಅಪಾಯ ಕಂಡಾಗ ರಾಜ್ಯ ಸರ್ಕಾರವು 60 ದಿನಗಳ ಮಟ್ಟಿಗೆ, ಹೆಚ್ಚೆಂದರೆ ಇನ್ನೂ 30 ದಿನಗಳ ಮಟ್ಟಿಗೆ ಮಾರಾಟವನ್ನು ತಡೆಯಬಹುದೆಂದು ಹೇಳುತ್ತದೆ. ಶಾಶ್ವತ ನಿಷೇಧದ ಅಧಿಕಾರ ಕೇಂದ್ರದ ಕೈಯಲ್ಲಿದೆ. ಆದರೆ ನಮ್ಮ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷ ಸುರಿಯಿತು. ಸಿಂಪಡಣೆಯ ದಿನ ಬಾವಿಗೆ ಮುಚ್ಚಿಗೆ ಹಾಕಿರೆಂದು ಹೇಳುವುದು ಸುಲಭ. ಎಣ್ಮಕಜೆಯ ಪಡ್ರೆಯಂಥ ಊರಿನಲ್ಲಿ ಜನ ಕುಡಿಯುವುದು ಗುಡ್ಡದ ಹೊಟ್ಟೆಯನ್ನು ಕೊರೆದು ತೆಗೆದ ಸುರಂಗದ ನೀರನ್ನು, ದನ ಕುಡಿಯುವುದು ತೋಡಿನ ನೀರನ್ನು. ಮೇಲೆ ತೋಟ, ಕೆಳಗೆ ಮನೆ. ಮಳೆ ಬಂದರೆ ಗುಡ್ಡದಲ್ಲಿ ಬಿದ್ದದ್ದೆಲ್ಲ ಕೆಳಗಿನ ತೋಡಿಗೇ ಇಳಿಯುತ್ತದೆ. ಹರಿಯುವ ತೋಡಿಗೆ ಯಾರು ಮುಚ್ಚಿಗೆ ಹಾಕಿಯಾರು?

ಕೊನೆಗೆ ದೇಶವ್ಯಾಪಿ ತಡೆ ಬಂದದ್ದು 2011ರ ಮೇ 13ರಂದು, ಸಂಸತ್ತಿನಿಂದಲ್ಲ, ಸುಪ್ರೀಂ ಕೋರ್ಟಿನಿಂದ. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು 2017ರ ಜನವರಿಯಲ್ಲಿ ಕೇರಳಕ್ಕೆ ಆದೇಶಿಸಿದ್ದೂ ಅದೇ ನ್ಯಾಯಾಲಯ. ಹಳೆಯ ಕಾಯ್ದೆಯ ಜಾಗಕ್ಕೆಂದು ಯುಪಿಎ ಸರ್ಕಾರ 2008ರಲ್ಲಿ, ಎನ್‌ಡಿಎ ಸರ್ಕಾರ 2020ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆಗಳೆರಡೂ ಕಾನೂನಾಗಲಿಲ್ಲ. ಕಾಯ್ದೆ ಹಳತಾಗಿದೆ ಎಂಬ ಬಗ್ಗೆ ಎರಡೂ ಕಡೆಯವರಿಗೆ ಭಿನ್ನಾಭಿಪ್ರಾಯವಿಲ್ಲವೆಂದ ಮೇಲೆ, ಇಷ್ಟು ವರ್ಷ ಕೈಕಟ್ಟಿ ಕುಳಿತದ್ದಕ್ಕೆ ನನಗೆ ಒಪ್ಪತಕ್ಕ ಕಾರಣವೊಂದೂ ಕಾಣುವುದಿಲ್ಲ.

ಪಕ್ಷಗಳು ಕೂಡಿ ಕುಳಿತುಕೊಳ್ಳುವ ಜಾಗ ನಮ್ಮಲ್ಲಿಯೂ ಇದೆ. ಸಂಸತ್ತಿನ ಕೃಷಿ ಸ್ಥಾಯೀ ಸಮಿತಿಯಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿರುತ್ತಾರೆ; ಅಲ್ಲಿ ವಿಪ್, ಅಂದರೆ ಪಕ್ಷ ಹೇಳಿದಂತೆಯೇ ಮತ ಹಾಕಬೇಕೆಂಬ ಆದೇಶ, ನಡೆಯುವುದಿಲ್ಲ. ಮಸೂದೆಗಳ ಬಗ್ಗೆ ಇಂಥ ಸಮಿತಿಗಳು ಸಾರ್ವಜನಿಕರ ಅಭಿಪ್ರಾಯವನ್ನು ಕರೆಯುವುದುಂಟು. ನಿಮ್ಮ ಪಂಚಾಯತಿನ ಎಲ್ಲ ಪಕ್ಷಗಳ ಸದಸ್ಯರೂ ಒಂದೇ ಮನವಿಗೆ ಸಹಿ ಹಾಕುವಂತೆ ಮಾಡಿ. ಅದರಲ್ಲಿ ರಾಜ್ಯದ 60 ದಿನಗಳ ಮಿತಿಯನ್ನು ತೆಗೆಯಬೇಕೆಂದೂ, ನೋಂದಾಯಿತ ಕೀಟನಾಶಕಗಳನ್ನು ನಿಗದಿತ ಅವಧಿಗೊಮ್ಮೆ ಮರುಪರೀಕ್ಷಿಸಬೇಕೆಂದೂ, ಪರಿಹಾರಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಗದಂತೆ ಕಾಯ್ದೆಯಲ್ಲಿಯೇ ದಾರಿ ಇರಬೇಕೆಂದೂ ಕೇಳಿ. ನಿಮ್ಮ ಸುರಂಗ ಮತ್ತು ತೋಡುಗಳ ನಕ್ಷೆಯನ್ನೂ ಜೊತೆಗೆ ಲಗತ್ತಿಸಿ.