ನಾನು ‘ಆಮೆ’ ಅಂದೆ, ಅವರು ಮುಂದಿನ ಪ್ರಶ್ನೆಗೆ ಹೋದರು

(ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದ ಒಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಅವರಿಗೆ 29 ವರ್ಷ. ಹೊಸ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಬಂದು ಕೂತವರೇ ಫೋನ್ ತೆಗೆದು ನನ್ನ ಮುಂದೆ ಹಿಡಿದರು. ಅದರಲ್ಲಿ 60 ಪ್ರಶ್ನೆಗಳ ಪಟ್ಟಿ. ನಿಮ್ಮ ನೆರಳಿಗೆ ಹೆಸರಿಡಿ ಅಂದ್ರೆ ಏನಿಡ್ತೀರಿ? ಮಂಗಳವಾರಕ್ಕೆ ಯಾವ ಬಣ್ಣ? ಮನೆಯ ಸಾಮಾನುಗಳಿಗೆ ಮಾತು ಬಂದ್ರೆ ಮೊದಲು ದೂರು ಹೇಳೋದು ಯಾವುದು? ಕೇಳಿ ಮುಗಿದ ಪ್ರಶ್ನೆಗಳ ಮುಂದೆ ಟಿಕ್ ಹಾಕಿದ್ದರು. ಯಾರನ್ನು ಕೇಳಿದ್ದು ಅಂತಲೂ ಬರೆದುಕೊಂಡಿದ್ದರು.

“ಮೇಡಂ, ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರ್ತೀವಿ. ಮಾತು ನಿಂತ್ರೆ ನನಗೆ ಎದೆ ಹೊಡ್ಕೊಳ್ಳುತ್ತೆ. ಅದಕ್ಕೇ ಇದನ್ನ ಇಟ್ಕೊಂಡಿದ್ದೀನಿ.”

ಮೊದಮೊದಲು ಜನ ನಕ್ಕರು, ಉತ್ತರ ಹೇಳಿದರು. ಬರಬರುತ್ತಾ ಒಂದೇ ಪದದಲ್ಲಿ ಮುಗಿಸತೊಡಗಿದರು. “ಏನಪ್ಪಾ, ದಿನಾ ಇಂಟರ್‌ವ್ಯೂನಾ?” ಅಂತ ಒಬ್ಬರು ಕೇಳಿಯೂ ಬಿಟ್ಟರು. ಅದನ್ನೂ ಇವರು ನುಂಗಿಕೊಂಡಿದ್ದರು. ಆದರೆ ನನ್ನ ಹತ್ತಿರ ಬರುವ ವಾರದ ಹಿಂದೆ, ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿಗೆ ಪಟ್ಟಿಯ ಇನ್ನೊಂದು ಪ್ರಶ್ನೆ ಕೇಳಿದರು: “ಒಂದು ಗಂಟೆ ಮಟ್ಟಿಗೆ ಯಾರನ್ನಾದರೂ ವಾಪಸ್ ಕರೆಸಬಹುದು ಅಂದ್ರೆ ಯಾರನ್ನ ಕರೆಸ್ತೀರಿ?” ಆಕೆಯ ತಾಯಿ ತೀರಿಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಇವರಿಗೆ ಅದು ಗೊತ್ತಿರಲಿಲ್ಲ. ಆಕೆ ಊಟದ ಡಬ್ಬಿ ಮುಚ್ಚಿ ಎದ್ದು ಹೋದರು.

“ಆ ಮುಚ್ಚಳ ಹಾಕಿದ ಸದ್ದು ಇನ್ನೂ ಕಿವಿಯಲ್ಲೇ ಇದೆ” ಅಂದರು.

ನಾನು ತಕ್ಷಣ ಏನೂ ಹೇಳಲಿಲ್ಲ. “ಪಟ್ಟಿಯಿಂದ ನನಗೊಂದು ಪ್ರಶ್ನೆ ಕೇಳಿ ನೋಡೋಣ” ಅಂದೆ.

“ಒಂದು ದಿನ ಯಾವ ಪ್ರಾಣಿಯ ಜೊತೆ ಮನೆ ಬದಲಾಯಿಸಿಕೊಳ್ತೀರಿ?”

“ಆಮೆ.”

“ಓಕೆ. ಮುಂದಿನದು...” ಬೆರಳು ಆಗಲೇ ಪರದೆಯ ಮೇಲೆ ಸರಿಯುತ್ತಿತ್ತು.

“ಆಮೆಯ ಬಗ್ಗೆ ನಿಮಗೆ ಏನೂ ಅನ್ನಿಸಲಿಲ್ವಾ?” ಅಂತ ಕೇಳಿದೆ. ಅವರು ತಲೆ ಎತ್ತಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮುಖದ ಮೇಲೊಂದು ನಗು ಮೂಡಿತು. “ಅಲ್ಲ ಮೇಡಂ, ಆಮೆ ಮನೆ ಬಿಟ್ಟು ಹೊರಗೆ ಬರೋಕೇ ಆಗಲ್ವಲ್ಲ! ಚಿಪ್ಪು ಅದರ ಬೆನ್ನುಮೂಳೆಗೂ ಪಕ್ಕೆಲುಬಿಗೂ ಕೂಡಿಕೊಂಡಿರುತ್ತೆ. ನೀವು ಒಳಗೆ ಹೋದ್ರೆ ಅದೂ ಒಳಗೇ ಇರುತ್ತೆ.” ಹಾಗಾದರೆ ಬಾಡಿಗೆ ಯಾರು ಯಾರಿಗೆ ಕೊಡಬೇಕು ಅಂತ ನಾನು ಕೇಳಿದೆ. ಹತ್ತು ನಿಮಿಷ ಆಮೆಯ ಮಾತೇ ಆಯಿತು. ಫೋನ್ ಮೇಜಿನ ಮೇಲೆ ಕವುಚಿ ಬಿದ್ದಿತ್ತು.

ಕುತೂಹಲ ಅವರಲ್ಲಿ ಬೇಕಾದಷ್ಟಿತ್ತು. ಅದಕ್ಕೆ ಅಡ್ಡ ನಿಂತಿದ್ದು ಹೆದರಿಕೆ. ಎರಡನೇ ಭೇಟಿಯಲ್ಲಿ ಅದರ ಬೇರು ಸಿಕ್ಕಿತು. ಅವರು ಚಿಕ್ಕವರಿದ್ದಾಗ ಮನೆಯಲ್ಲಿ ಮೌನ ಅಂದರೆ ಅಪ್ಪನ ಸಿಟ್ಟು. ಅಪ್ಪ ಮಾತು ಬಿಟ್ಟರೆ ವಾರಗಟ್ಟಲೆ. ಆಗ ಏನೋ ಒಂದು ಕೇಳಿ ಅಪ್ಪನ ಬಾಯಿ ಬಿಡಿಸುವ ಕೆಲಸ ಈ ಹುಡುಗನದು. ಊಟದ ಮೇಜಿನಲ್ಲಿ ಅವರು ಈಗಲೂ ಅದೇ ಕೆಲಸ ಮಾಡುತ್ತಿದ್ದರು, ಅಲ್ಲಿ ಯಾರೂ ಸಿಟ್ಟಾಗಿರದಿದ್ದರೂ.

ಇಲ್ಲಿ ಅವರಿಗೆ ಹೇಳಿದ ಒಂದು ಲೆಕ್ಕ ನಿಮಗೂ ಹೇಳುತ್ತೇನೆ. ಹತ್ತು ಭಾಷೆಗಳ ಮಾತುಕತೆಯನ್ನು ಅಳೆದ 2009ರ ಅಧ್ಯಯನವೊಂದಿದೆ. ಹೌದು-ಇಲ್ಲ ಅನ್ನಬಹುದಾದ ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡ್. ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಅಷ್ಟು ಬೇಗದ ಮಾತಿಗೆ ಒಗ್ಗಿದ ಕಿವಿಗೆ ಎರಡು ಸೆಕೆಂಡಿನ ಸುಮ್ಮನಿರುವಿಕೆ ಯುಗದ ಹಾಗೆ ಕಾಣುತ್ತದೆ. ಆದರೆ ಮಂಗಳವಾರದ ಬಣ್ಣ ಯಾವುದು ಅಂತ ಯೋಚಿಸೋಕೆ ಟೈಮ್ ಬೇಕಲ್ವಾ? ಜನ ಯೋಚಿಸುತ್ತಿದ್ದರು. ಇವರು ಅದನ್ನು ಬೇಸರ ಅಂದುಕೊಂಡು ಮುಂದಿನ ಪ್ರಶ್ನೆ ಎಸೆಯುತ್ತಿದ್ದರು.

ಪಟ್ಟಿ ಅಳಿಸಿ ಅಂತ ನಾನು ಹೇಳಲಿಲ್ಲ. ಅದರಲ್ಲಿ ನಿಮಗೇ ಉತ್ತರ ಬೇಕು ಅನ್ನಿಸುವ ಮೂರನ್ನು ಮಾತ್ರ ಉಳಿಸಿಕೊಳ್ಳಿ ಅಂದೆ. ಕೇಳುವ ಮೊದಲು ನಿಮ್ಮ ಉತ್ತರ ಹೇಳಿಬಿಡಿ, ಆಗ ಎದುರಿನವರಿಗೆ ಪರೀಕ್ಷೆ ಅನ್ನಿಸುವುದಿಲ್ಲ. ಕೇಳಿದ ಮೇಲೆ ಮನಸ್ಸಿನಲ್ಲೇ ಐದರ ತನಕ ಎಣಿಸಿ. ಎಲ್ಲಕ್ಕಿಂತ ಮುಖ್ಯ, ಎರಡನೇ ಪ್ರಶ್ನೆ ಅವರ ಉತ್ತರದ ಒಳಗಿನಿಂದಲೇ ಬರಲಿ. 2017ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲೂ, ಉತ್ತರದ ಬೆನ್ನು ಹಿಡಿದು ಮತ್ತೆ ಕೇಳುವವರನ್ನೇ ಜನ ಹೆಚ್ಚು ಇಷ್ಟಪಟ್ಟಿದ್ದು ಕಂಡಿತ್ತು. ‘ಯಾಕೆ’ ಅನ್ನುವ ಪದ ಮಾತ್ರ ಕಡಿಮೆ ಬಳಸಿ ಅಂದೆ. ನಮ್ಮ ಮಾತಿನಲ್ಲಿ ಅದಕ್ಕೆ ತಪ್ಪು ಹಿಡಿಯುವ ದನಿ ಬೇಗ ಬಂದುಬಿಡುತ್ತದೆ. “ಅದು ಹೇಗೆ ಹೊಳೀತು?” ಅನ್ನಿ, ಇಲ್ಲ ಸುಮ್ನೆ “ಆಮೇಲೆ?” ಅನ್ನಿ.

ತಮಾಷೆಯ ವೇಷದಲ್ಲಿ ಬರುವ ಭಾರದ ಪ್ರಶ್ನೆಗಳ ಬಗ್ಗೆ ಜಾಸ್ತಿ ಹೊತ್ತು ಮಾತಾಡಿದೆವು. ಮನೋವಿಜ್ಞಾನಿ ಆರ್ಥರ್ ಆರನ್ ಮತ್ತು ಜೊತೆಗಾರರು 1997ರಲ್ಲಿ ಪ್ರಕಟಿಸಿದ 36 ಪ್ರಶ್ನೆಗಳ ಪ್ರಯೋಗದಲ್ಲಿ ಅಪರಿಚಿತರು ಹತ್ತಿರವಾದದ್ದು ನಿಜ. ಆದರೆ ಅಲ್ಲಿ ಇಬ್ಬರೂ ಒಪ್ಪಿ ಕೂತಿದ್ದರು, ಇಬ್ಬರೂ ಉತ್ತರಿಸುತ್ತಿದ್ದರು, ಪ್ರಶ್ನೆಗಳು ಹಗುರದಿಂದ ಶುರುವಾಗಿ ಮೆಲ್ಲಗೆ ಆಳಕ್ಕೆ ಇಳಿಯುತ್ತಿದ್ದವು. ನಾಲ್ಕು ಜನರ ಮುಂದೆ, ತುತ್ತು ಬಾಯಲ್ಲಿರುವಾಗ, ಸತ್ತವರನ್ನು ನೆನಪಿಸುವುದು ಬೇರೆ. ಆ ಸಹೋದ್ಯೋಗಿಗೆ ಒಂದೇ ಸಲ, ಚಿಕ್ಕದಾಗಿ ಕ್ಷಮೆ ಕೇಳಿ, ಉತ್ತರಕ್ಕೆ ಕಾಯಬೇಡಿ ಅಂದೆ.

ಐದನೇ ಭೇಟಿಗೆ ಬಂದಾಗ ಫೋನ್ ಜೇಬಿನಲ್ಲೇ ಇತ್ತು. ಕ್ಷಮೆ ಕೇಳಿದಾಗ ಆಕೆ “ನಿಮಗೆ ಗೊತ್ತಿರಲಿಲ್ಲ ಬಿಡಿ” ಅಂದಿದ್ದರಂತೆ, ಅಷ್ಟೇ. ಆ ವಾರ ಇವರು ಊಟದ ಹೊತ್ತಿನಲ್ಲಿ ತಾವೇ ಕಟ್ಟಿದ ಪ್ರಶ್ನೆ ಕೇಳಿದ್ದರು: ಆಕ್ಟೋಪಸ್‌ಗೆ ಮೂರು ಹೃದಯ, ನಮಗೂ ಮೂರಿದ್ದರೆ ಒಂದೊಂದನ್ನು ಯಾವುದಕ್ಕೆ ಇಡೋಣ? ಒಂದನ್ನ ಓಡೋಕೆ ಇಡ್ತೀನಿ ಅಂತ ಮೊದಲು ತಾವೇ ಹೇಳಿದರು. ಆಮೇಲೆ ಎಣಿಸುತ್ತಾ ಕೂತರು.

“ಮೂರು ಅನ್ನೋ ಹೊತ್ತಿಗೆ ಅವರೇ ಮಾತಾಡಿದ್ರು ಮೇಡಂ. ಆವತ್ತು ಎದ್ದು ಹೋಗಿದ್ದವರು. ‘ಒಂದು ಸುಮ್ನೆ ಇರೋಕೆ’ ಅಂದ್ರು.”

“ನೀವೇನಂದ್ರಿ?”

“ಏನೂ ಅನ್ನಲಿಲ್ಲ. ಡಬ್ಬಿ ಸ್ವಲ್ಪ ಸರಿಸಿ ಅವರಿಗೆ ಜಾಗ ಮಾಡಿದೆ.”